ಕ್ಲೋಸ್‌ಪೇಟೆಯ ಹಳೇ ದಾರಿ

ಬಿಡದಿ ಬರುವ ಮುಂಚೆಯೇ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ಮೈಸೂರು ರಸ್ತೆಗೆ ಇಳಿದ ಕಾರನ್ನು ಮೊದಲು ತಡೆಯುವುದು ತಟ್ಟೆ ಇಡ್ಲಿಯ ಹಬೆ. ಅಲ್ಲಿ ಹತ್ತು ನಿಮಿಷ ನಿಂತವರಿಗೆ ಮುಂದಿನ ದಾರಿಯ ವೇಗ ತಾನಾಗಿಯೇ ಗೊತ್ತಾಗುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಪೇಟೆಯನ್ನು ಮುಟ್ಟದೆ ಹಾಯ್ದುಹೋಗುತ್ತದೆ. ರಾಮನಗರ–ಚನ್ನಪಟ್ಟಣದ ಬೈಪಾಸೊಂದೇ ಸುಮಾರು 22 ಕಿಲೋಮೀಟರ್. ಅದರ ಮೇಲೆ ಹೋಗುವವರಿಗೆ ಬಂಡೆಬೆಟ್ಟಗಳು ಕಂಡಾವು, ಊರು ಕಾಣದು.

ಇದು ಸಣ್ಣ ಬದಲಾವಣೆಯಲ್ಲ. ಯಾಕೆಂದರೆ ರಾಮನಗರ ಹುಟ್ಟಿದ್ದೇ ದಾರಿಗಾಗಿ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರಿನ ಆಡಳಿತ ದಿವಾನ್ ಪೂರ್ಣಯ್ಯನವರ ಕೈಗೆ ಬಂತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿ ಈ ಭಾಗದಲ್ಲಿ ದಟ್ಟ ಕಾಡಿನ ನಡುವೆ ಸಾಗುತ್ತಿತ್ತು. ದಾರಿಹೋಕರಿಗೆ ಭದ್ರತೆ ಬೇಕಾಗಿತ್ತು. ಕಾಡಿಗೆ ಕಾವಲು ಹಾಕುವುದಕ್ಕಿಂತ ಅಲ್ಲೊಂದು ಪೇಟೆಯನ್ನೇ ಕಟ್ಟಿ ಜನರನ್ನು ಕೂರಿಸಿದರೆ ದಾರಿ ತಾನೇ ಸುರಕ್ಷಿತವಾಗುತ್ತದೆ ಎಂಬುದು ಪೂರ್ಣಯ್ಯನವರ ಲೆಕ್ಕ. ಹಾಗೆ 1800ರಲ್ಲಿ ಎದ್ದ ಪೇಟೆಗೆ ಆಗಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಅವರ ಹೆಸರಿಟ್ಟರು. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಆಗಿದ್ದ ಜಾಗ ಕ್ಲೋಸ್‌ಪೇಟೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ, ಈ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರ ಕಾಲಕ್ಕೆ ರಾಮನಗರವಾಯಿತು. 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಇಷ್ಟೆಲ್ಲ ಹೆಸರು ಬದಲಾದರೂ ಕ್ಲೋಸ್ ಸಾಹೇಬರ ಹೆಸರು ಒಂದು ಕಡೆ ಗಟ್ಟಿಯಾಗಿ ಕೂತಿದೆ. ಇಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲಿನ ಪಟ್ಟಿ ಕರ್ನಾಟಕದ ಬೆನ್ನುಮೂಳೆಯ ಹಾಗೆ ದಕ್ಷಿಣದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಚಾಚಿಕೊಂಡಿದೆ.

ಪೇಟೆ ತಲೆಯೆತ್ತಿದ ವರ್ಷವೇ ಈ ದಾರಿಯಲ್ಲಿ ಒಬ್ಬ ಸ್ಕಾಟ್ಲೆಂಡಿನ ವೈದ್ಯ ಬಂದ. ಫ್ರಾನ್ಸಿಸ್ ಬುಕಾನನ್. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ನೋಡಿ ಬರೆಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. 1800ರ ಮೇ ತಿಂಗಳಲ್ಲಿ ಕೆಂಗೇರಿ, ಬಿಡದಿ, ರಾಮಗಿರಿ, ಚನ್ನಪಟ್ಟಣ ಹೀಗೆ ತಂಗುತ್ತ ತಂಗುತ್ತ ಶ್ರೀರಂಗಪಟ್ಟಣ ಸೇರಿದ. ಹೊಲದ ಮಣ್ಣು, ಬೆಳೆ, ಮರ, ಮಗ್ಗ, ಕುಲುಮೆ ಯಾವುದನ್ನೂ ಬಿಡದೆ ಕೇಳಿ ಬರೆದುಕೊಂಡ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಆಳುವವರ ಲೆಕ್ಕಪುಸ್ತಕವೇ ಅದು, ಸರಿ. ಆದರೂ ಈ ದಾರಿಯಲ್ಲಿ ನಿಧಾನವಾಗಿ ಹೋದರೆ ಎಷ್ಟು ಕಾಣುತ್ತದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಚನ್ನಪಟ್ಟಣ ಆಗ ಗಾಜಿನ ಬಳೆಗೆ, ಸಕ್ಕರೆಗೆ, ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿಗೆ ಹೆಸರಾದ ಊರು. ಇವತ್ತು ಗೊಂಬೆಯ ಊರಿಗೆ ಬಂದವರಲ್ಲಿ ಎಷ್ಟು ಮಂದಿಗೆ ಆ ತಂತಿಯ ನೆನಪಿದೆ?

ರಾಮನಗರದಲ್ಲಿ ಕಾರು ನಿಲ್ಲಿಸಬೇಕಾದ್ದು ಬೆಟ್ಟದ ಬುಡಕ್ಕಿಂತ ಮೊದಲು ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ, ಅದೂ ಬೆಳಗ್ಗೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಇದು. ರೈತರು ಚೀಲ ಬಿಚ್ಚಿ ಗೂಡನ್ನು ಜಾಲರಿಗೆ ಸುರಿಯುತ್ತಾರೆ. ಒಂದು ಕಡೆ ಹಳದಿ ಛಾಯೆಯ ಮಿಶ್ರತಳಿ, ಇನ್ನೊಂದು ಕಡೆ ಹಾಲಿನಂತೆ ಬೆಳ್ಳಗಿನ ದ್ವಿತಳಿ. ನೂಲು ಬಿಚ್ಚುವವರು ಹಿಡಿ ತುಂಬ ಗೂಡು ಎತ್ತಿ ಹಗುರವಾಗಿ ಅದುಮಿ ನೋಡುತ್ತಾರೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಕೋಶ ಗಟ್ಟಿಯಾಗಿ ಸದ್ದು ಕೊಟ್ಟರೆ ಗೂಡು ಚೆನ್ನಾಗಿ ಬಲಿತಿದೆ ಎಂದರ್ಥ. ಹರಾಜು ಈಗ ಕಂಪ್ಯೂಟರಿನಲ್ಲಿ ನಡೆದರೂ ಕೈಯ ಪರೀಕ್ಷೆ ಹಾಗೆಯೇ ಉಳಿದಿದೆ. ಆ ಚೀಲದ ಹಿಂದೆ ಒಂದು ಮನೆಯ ನಿದ್ದೆಗೆಟ್ಟ ದಿನಗಳಿವೆ: ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಹುಳು ನಾಲ್ಕು ಸಲ ಜ್ವರಕ್ಕೆ, ಎಂದರೆ ಪೊರೆ ಬಿಡಲು, ಕೂತು ಎದ್ದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಏರುವವರೆಗೆ ಮನೆಮಂದಿಗೆಲ್ಲ ಅದೇ ಧ್ಯಾನ.

ಮೈಸೂರು ಸೀಮೆಗೆ ರೇಷ್ಮೆ ತಂದದ್ದು ಟಿಪ್ಪು. ಅದನ್ನು ಸಾಯದಂತೆ ನೋಡಿಕೊಂಡವರಲ್ಲಿ ಇಬ್ಬರು ಇಟಲಿಯವರು ಇದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ ರೋಗ ಬಿದ್ದು ಯುರೋಪಿನ ರೇಷ್ಮೆಹುಳುಗಳು ನಾಶವಾದವು. ಮೈಸೂರಿನಲ್ಲೂ ಹುಳು ಸಾಯತೊಡಗಿದವು. ಆಗ ಸಿನ್ಯೋರ್ ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನಿಂದ ಹೊಸ ಮೊಟ್ಟೆ ತರಿಸಿದರು, 1866ರ ಸುಮಾರಿಗೆ ಇದೇ ದಾರಿಯ ಕೆಂಗೇರಿಯಲ್ಲಿ ಉಗಿಯಿಂದ ನಡೆಯುವ ನೂಲು ತೆಗೆಯುವ ಕಾರ್ಖಾನೆ ಹೂಡಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮತ್ತೊಬ್ಬ ಇಟಲಿಯವರು ಬಂದರು, ವಾಷಿಂಗ್ಟನ್ ಮಾರಿ. ಚನ್ನಪಟ್ಟಣದ ಸರ್ಕಾರಿ ರೇಷ್ಮೆ ಫಾರಂ ಅವರ ಉಸ್ತುವಾರಿಯಲ್ಲಿ ನಡೆಯಿತು. ಮೈಸೂರು ತಳಿಗೆ ಹೊರದೇಶದ ತಳಿ ಕೂಡಿಸಿ ಹೆಚ್ಚು ನೂಲು ಬರುವ ಹುಳು ಮಾಡಬೇಕು ಎಂಬ ಪ್ರಯೋಗ ಅಲ್ಲಿ ಬೇರೂರಿತು.   

ಇನ್ನು ರಾಮದೇವರಬೆಟ್ಟ. 1973ರಲ್ಲಿ ರಮೇಶ್ ಸಿಪ್ಪಿಯವರ ತಂಡ ಇಲ್ಲಿ ‘ಶೋಲೆ’ಗಾಗಿ ಒಂದು ಹಳ್ಳಿಯನ್ನೇ ಕಟ್ಟಿತು, ಹೆದ್ದಾರಿಯಿಂದ ಬಂಡೆಗಳ ನಡುವಿಗೆ ರಸ್ತೆಯನ್ನೂ ಮಾಡಿಕೊಂಡಿತು. ಸಿನಿಮಾದ ಹಳ್ಳಿ ಹೋಯಿತು, ರಣಹದ್ದುಗಳು ಉಳಿದವು. ಉದ್ದ ಕೊಕ್ಕಿನ ರಣಹದ್ದು ಗೂಡುಕಟ್ಟುವ ಈ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ನಾಯಕ–ಖಳನಾಯಕರ ಬಂಡೆ ಹುಡುಕುವವರು ಒಮ್ಮೆ ತಲೆಯೆತ್ತಿ ನೋಡಬೇಕು.

ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲೇ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಕೂಡಿಸಿದ ಒನಕೆ, ಬೀಸುಕಲ್ಲು, ಗೊಂಬೆ, ವಾದ್ಯಗಳಿಗೆ 1994ರಲ್ಲಿ ಕಟ್ಟಿದ ಮನೆ ಅದು. ಅಲ್ಲಿಂದ ಮುಂದೆ ಕೆಂಗಲ್ ಆಂಜನೇಯ, ಅದರಾಚೆ ಗೊಂಬೆಯಂಗಡಿಗಳ ಸಾಲು.

ಗೊಂಬೆಯನ್ನು ಅಂಗಡಿಯಲ್ಲಿ ನೋಡಿದರೆ ಸಾಲದು, ಲೇತಿನ ಮುಂದೆ ನೋಡಬೇಕು. ತಿಂಗಳುಗಟ್ಟಲೆ ಒಣಗಿಸಿದ ಆಲೆಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿಸಿದಲ್ಲಿ ಬಿಳಿಯ ಹೊಟ್ಟು ಸುರುಳಿ ಸುರುಳಿಯಾಗಿ ಹಾರುತ್ತದೆ. ಆಕಾರ ಬಂದ ಮೇಲೆ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾನೆ. ಬೆಂಕಿ ಬೇಡ, ಕುಂಚ ಬೇಡ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಒಣಗಿದ ತಾಳೆಗರಿಯನ್ನು ಒತ್ತಿದಾಗ ಮಂಕಾಗಿದ್ದ ಬಣ್ಣ ಕನ್ನಡಿಯಂತೆ ಹೊಳೆಯುತ್ತದೆ. ಟಿಪ್ಪು ಪರ್ಷಿಯಾದ ಕಸುಬುದಾರರನ್ನು ಕರೆಸಿ ಕಲಿಸಿದನೆಂಬುದು ಊರಿನ ನಂಬಿಕೆ. ಜಪಾನಿನ ರೀತಿಯನ್ನು ತಂದು ಕಸುಬನ್ನು ಬೆಳೆಸಿದ ಬಾವಾಸ್ ಮಿಯಾನ್ ಅವರನ್ನೂ ಇಲ್ಲಿ ಗೌರವದಿಂದ ನೆನೆಯುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಈ ಗೊಂಬೆಗಳಿಗೆ ಸಿಕ್ಕಿದೆ. ಆದರೆ ಕಾರು ನಿಲ್ಲಿಸಿ ಮಗುವಿಗೊಂದು ಬುಗುರಿ ಕೊಳ್ಳುತ್ತಿದ್ದ ದಾರಿಹೋಕ ಈಗ ಬೈಪಾಸಿನ ಮೇಲಿದ್ದಾನೆ. ಮಾನ್ಯತೆಯ ಪತ್ರ ಅವನನ್ನು ಕೆಳಗಿಳಿಸಲಾರದು.

ಮೈಸೂರಿಗೆ ಎರಡನೆಯ ದಾರಿಯೂ ಒಂದಿತ್ತು, ಕನಕಪುರದ್ದು. ಆಗ ಅದು ಕಾನಕಾನಹಳ್ಳಿ. ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1791ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆ ಹೊರಟಾಗ ಚನ್ನಪಟ್ಟಣದ ನೇರ ದಾರಿಯನ್ನು ರಾಮಗಿರಿ, ಶಿವನಗಿರಿಯಂಥ ದುರ್ಗಗಳು ಕಾಯುತ್ತಿದ್ದವು. ಅದಕ್ಕೇ ಅವನು ಕಾನಕಾನಹಳ್ಳಿಯ ಸುತ್ತುದಾರಿ ಹಿಡಿದ. ಶತ್ರುವಿಗೆ ಕಾಳು–ಮೇವು ಸಿಗಬಾರದೆಂದು ಟಿಪ್ಪುವಿನ ಕಡೆಯವರು ದಾರಿಯ ಊರುಗಳನ್ನು ಸುಟ್ಟರು. ಕಾನಕಾನಹಳ್ಳಿ ಎರಡು ಬಾರಿ ಹಾಗೆ ಹಾಳಾಯಿತು. ಎತ್ತುಗಳು ಸತ್ತು, ಅನ್ನವಿಲ್ಲದೆ, ದೊಡ್ಡ ತೋಪುಗಳನ್ನು ತಾವೇ ಒಡೆದುಹಾಕಿ ಸೈನ್ಯ ಹಿಂದಿರುಗಿತು. ಯುದ್ಧದ ಪುಸ್ತಕಗಳಲ್ಲಿ ತೋಪುಗಳ ಲೆಕ್ಕ ಸಿಗುತ್ತದೆ. ಸುಟ್ಟ ಮನೆಗಳ ಲೆಕ್ಕ ಬರೆದಿಟ್ಟವರು ಕಾಣೆ. ಇಂದಿನ ಕನಕಪುರದವರು ರೇಷ್ಮೆ ಬೆಳೆಯುತ್ತಾರೆ, ಕಲ್ಲು ಕಡಿಯುತ್ತಾರೆ. ಅರ್ಕಾವತಿ ಊರ ಪಕ್ಕದಲ್ಲೇ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ಪಾಠ ಕಲಿತ ಕಾರ್ನ್‌ವಾಲಿಸ್ ಎರಡನೆಯ ಸಲ ದಾರಿಯ ದುರ್ಗಗಳನ್ನೇ ಮೊದಲು ಹಿಡಿದ. ಮಾಗಡಿಯ ಸಾವನದುರ್ಗ ಅವುಗಳಲ್ಲಿ ದೊಡ್ಡದು: 1,226 ಮೀಟರ್ ಎತ್ತರದ ಏಕಶಿಲೆ, ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ನೆತ್ತಿ, ಸುತ್ತ ದಟ್ಟ ಕಾಡು. ಕಾಡು ಕಡಿದು ದಾರಿ ಮಾಡಿ ತೋಪು ಎಳೆದು ತಂದವರಿಗೆ ಅದು 1791ರ ಡಿಸೆಂಬರ್ 21ರಂದು ಬಿತ್ತು. ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ಬೆಟ್ಟಗಳನ್ನು ಬರೆದ. ಲಂಡನ್ನಿನವರು ಮಾಗಡಿಯ ಬಂಡೆಗಳನ್ನು ಮೊದಲು ನೋಡಿದ್ದು ಇಂಥ ಚಿತ್ರಗಳಲ್ಲಿ. ಮುಂದೆ 1984ರಲ್ಲಿ ತೆರೆಕಂಡ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳಿಗೂ ಇದೇ ಬಂಡೆ ಬೇಕಾಯಿತು.

ಆದರೆ ಮಾಗಡಿ ಅಂದರೆ ಕೆಂಪೇಗೌಡರು. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಮನೆತನ ಇಲ್ಲಿಗೆ ಬಂದು ನೆಲೆನಿಂತು 1728ರವರೆಗೆ ಆಳಿತು. ಪೇಟೆಯಿಂದ ತುಸು ದೂರದ ಕೆಂಪಾಪುರದಲ್ಲಿ ಕಲ್ಲಿನದೊಂದು ಪುಟ್ಟ ಸಮಾಧಿ ಮಂಟಪವಿದೆ. ಊರವರ ಕಣ್ಣೆದುರೇ ಇದ್ದ ಅದನ್ನು ಸಂಶೋಧಕರು ಗುರುತಿಸಿದ್ದು 2015ರಲ್ಲಿ. ಹಿರಿಯ ಕೆಂಪಯ್ಯಗೌಡರು, ಎಂದರೆ ಮೊದಲನೆಯ ಕೆಂಪೇಗೌಡರು, ಕುಣಿಗಲಿನಿಂದ ಹಿಂದಿರುಗುವಾಗ ಇಲ್ಲಿ ಮಡಿದರೆಂದು ಅಲ್ಲಿನ ಕಲ್ಲಿನ ಬರಹ ಹೇಳುತ್ತದೆ. 1537ರಲ್ಲಿ ಬೆಂಗಳೂರು ಕಟ್ಟಿದವರು ಮನೆ ಸೇರುವ ಮುಂಚೆ, ದಾರಿಯಲ್ಲೇ, ಇಲ್ಲಿ ನಿಂತುಬಿಟ್ಟರು.