ಲಕ್ಷ್ಯವೇಧದಲ್ಲಿ ಹಳೆಯ ಸೇನಾ ಕೋವಿಗಳು

1860ನೆಯ ಇಸವಿ ಜುಲೈ ತಿಂಗಳ 2ನೆಯ ತಾರೀಖು ಲಂಡನ್ ನಗರದ ಸಮೀಪದ ವಿಂಬಲ್ಡನ್ ಬಯಲಿನಲ್ಲಿ ದೊಡ್ಡ ಜನಸಂದಣಿಯು ನೆರೆದಿದ್ದಿತು. ಹಿಂದಿನ ವರ್ಷವಷ್ಟೇ ಸ್ಥಾಪಿತವಾಗಿದ್ದ ರಾಷ್ಟ್ರೀಯ ರೈಫಲ್ ಸಂಘದ ಪ್ರಥಮ ಸ್ಪರ್ಧೆಗೆ ಅಂದು ಆರಂಭ. ವಿಕ್ಟೋರಿಯಾ ಮಹಾರಾಣಿಯವರು ಮೊದಲನೆಯ ಗುಂಡನ್ನು ಹಾರಿಸಿದರು. ಹಾರಿಸಿದರೆಂದರೆ, ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು ರಚಿಸಿದ ಕೋವಿಯನ್ನು ಆಧಾರದ ಮೇಲೆ ಭದ್ರವಾಗಿ ಕೂರಿಸಿ, 400 ಗಜ ದೂರದ ಗುರಿಗೆ ಮೊದಲೇ ಸರಿಹೊಂದಿಸಿ, ಅದರ ಕುದುರೆಗೆ ಕಟ್ಟಿದ ರೇಷ್ಮೆಯ ದಾರವನ್ನು ಅವರ ಕೈಗೆ ಕೊಡಲಾಗಿದ್ದಿತು, ಅವರು ದಾರವನ್ನೆಳೆದರು. ಗುಂಡು ಗುರಿಯ ಮಧ್ಯಬಿಂದುವಿನಿಂದ ಒಂದೂಕಾಲು ಅಂಗುಲದಷ್ಟೇ ಅಂತರದಲ್ಲಿ ತಗುಲಿತು. ಹೊಗಳಿಕೆಯು ರಾಣಿಯವರಿಗೆ ಸಂದಿತು, ಕೌಶಲವು ವಿಟ್‌ವರ್ತನದು.

ಮೂರನೆಯ ನೆಪೋಲಿಯನ್ನನ ಫ್ರಾನ್ಸಿನಿಂದ ಆಕ್ರಮಣವಾದೀತೆಂಬ ಭೀತಿಯು ಆಗ ಇಂಗ್ಲೆಂಡಿನಲ್ಲಿ ಹಬ್ಬಿದ್ದಿತು. ಪಟ್ಟಣ ಪಟ್ಟಣಗಳಲ್ಲಿಯೂ ಸ್ವಯಂಸೇವಕ ಪಡೆಗಳು ಹುಟ್ಟಿಕೊಂಡವು. ಅವರಿಗೆ ಗುರಿಯ ಅಭ್ಯಾಸವಾಗಲೆಂದೇ ಈ ಸ್ಪರ್ಧೆಗಳು ಏರ್ಪಟ್ಟುವು. ರಾಣಿಯ ಹೆಸರಿನ ಬಹುಮಾನವಾದ 250 ಪೌಂಡುಗಳನ್ನು ಆ ವರ್ಷ ಗೆದ್ದವನು ಎಡ್ವರ್ಡ್ ರಾಸ್ ಎಂಬ ಸ್ವಯಂಸೇವಕ. ಸಾಮಾನ್ಯ ಸ್ವಯಂಸೇವಕರ ಹೆಗಲ ಮೇಲಿದ್ದ ಆಯುಧವಾದರೋ 1853ನೆಯ ಮಾದರಿಯ ಎನ್‌ಫೀಲ್ಡ್ ರೈಫಲ್.

ಈ ಹೆಸರು ನಮ್ಮ ದೇಶದ ವಾಚಕರಿಗೆ ಅಪರಿಚಿತವಲ್ಲ. ಹಿಂದಿನ ನಯವಾದ ನಳಿಗೆಯ ಬಂದೂಕಿನಿಂದ ನೂರು ಗಜದಾಚೆಯ ಮನುಷ್ಯನನ್ನು ಹೊಡೆಯುವುದು ಅದೃಷ್ಟದ ಮಾತಾಗಿದ್ದಿತು. ಎನ್‌ಫೀಲ್ಡಿನ ನಳಿಗೆಯೊಳಗಾದರೋ ಸುರುಳಿ ಸುರುಳಿಯಾದ ಗೀರುಗಳಿದ್ದುವು. ಗುಂಡಿನ ಬುಡವು ಟೊಳ್ಳು. ಮದ್ದು ಹೊತ್ತಿದಾಗ ಆ ಬುಡವು ಅರಳಿ ಗೀರುಗಳನ್ನು ಕಚ್ಚಿಕೊಂಡು ತಿರುಗುತ್ತ ಹೊರಡುವುದು. ತಿರುಗುವ ಗುಂಡು ದಾರಿತಪ್ಪದು. ಆದರೆ ಮದ್ದಿನ ಮಸಿಯು ನಳಿಗೆಯಲ್ಲಿ ಗಟ್ಟಿಯಾಗಿ ಕೂತರೆ ಮುಂದಿನ ಗುಂಡು ಇಳಿಯಲಾರದು. ಅದಕ್ಕಾಗಿ ತೋಟಾದ ಕಾಗದಕ್ಕೆ ಜಿಡ್ಡು ಹಚ್ಚಬೇಕಾಗುತ್ತಿದ್ದಿತು. ಆ ಜಿಡ್ಡು ಹಸುವಿನದೋ ಹಂದಿಯದೋ ಎಂಬ ಸಂಶಯವು 1857ರ ಆರಂಭದಲ್ಲಿ ಡಂಡಂ ಶಿಕ್ಷಣಕೇಂದ್ರದಿಂದ ಹೊರಟು ಸಿಪಾಯಿಗಳ ಪಾಳೆಯಗಳನ್ನೆಲ್ಲ ವ್ಯಾಪಿಸಿತು. ಬೇಕಾದ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದೆಂದೂ, ತೋಟಾವನ್ನು ಹಲ್ಲಿನಿಂದ ಕಚ್ಚದೆ ಬೆರಳಿನಿಂದ ಹರಿಯಬಹುದೆಂದೂ ಅಧಿಕಾರಿಗಳು ತರುವಾಯ ಹೇಳಿದರು. ಹೋದ ನಂಬಿಕೆಯು ಮರಳಲಿಲ್ಲ. ಆ ದಂಗೆಗೆ ಕಾರಣಗಳು ಅನೇಕವಿದ್ದುವು. ಜಿಡ್ಡೊಂದೇ ಕಾರಣವೆಂದು ಬಾಲಬೋಧೆಯಂತೆ ಹೇಳುವುದು ಯುಕ್ತವಲ್ಲ.

ಮುಂದೆ ನಡೆದುದು ಇನ್ನೂ ಗಮನಾರ್ಹವಾದುದು. ದಂಗೆಯ ತರುವಾಯ ಇಂಡಿಯಾದ ಸಿಪಾಯಿಗಳಿಗಾಗಿ 1858ನೆಯ ಮಾದರಿಯೆಂಬ ಬಂದೂಕು ಸಿದ್ಧವಾಯಿತು. ಹೊರಗಿನಿಂದ ನೋಡಿದರೆ ಅದೂ ಎನ್‌ಫೀಲ್ಡಿನಂತೆಯೇ ಇದ್ದಿತು. ಒಳಗೆ ಮಾತ್ರ ಗೀರುಗಳಿಲ್ಲದ ನುಣುಪಾದ ನಳಿಗೆ. ಎಂದರೆ, ವಿಂಬಲ್ಡನ್ನಿನಲ್ಲಿ ಅಂಗಡಿಯವರೂ ಗುಮಾಸ್ತರೂ ಗೀರುಗಳುಳ್ಳ ಎನ್‌ಫೀಲ್ಡಿನಿಂದ ನೂರಾರು ಗಜ ದೂರದ ಹಲಗೆಗಳನ್ನು ಹೊಡೆದು ಬಹುಮಾನ ಪಡೆಯುತ್ತಿದ್ದ ಕಾಲದಲ್ಲಿಯೇ, ವೃತ್ತಿಯಿಂದ ಯೋಧನಾದ ಸಿಪಾಯಿಯ ಕೈಯಲ್ಲಿ ಗುರಿಗೆ ಒದಗದ ಆಯುಧವನ್ನು ತಿಳಿದು ತಿಳಿದೇ ಇಡಲಾಯಿತು. ಏಕಲವ್ಯನ ಹೆಬ್ಬೆರಳಿನ ಕಥೆಯು ಇಲ್ಲಿ ಯಾರಿಗಾದರೂ ನೆನಪಾದರೆ ತಪ್ಪೇನೂ ಇಲ್ಲ.

ಇಷ್ಟಾದರೂ ಆ ಸ್ಪರ್ಧೆಗಳೊಡನೆ ನಮ್ಮ ನೆರೆಯ ಸಂಸ್ಥಾನವೊಂದರ ಹೆಸರು ಶಾಶ್ವತವಾಗಿ ಸೇರಿಕೊಂಡಿದೆ. ಕೊಲ್ಹಾಪುರದ ತರುಣ ಅರಸನಾದ ರಾಜಾರಾಮನು 1870ರಲ್ಲಿ ಇಂಗ್ಲೆಂಡಿಗೆ ಪ್ರಯಾಣ ಮಾಡಿ, ಹಿಂದಿರುಗುವಾಗ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನವೆಂಬರ್ 30ರಂದು ದೇಹವನ್ನು ಬಿಟ್ಟನು. ಆಗ ಅವನಿಗೆ ಇಪ್ಪತ್ತರ ವಯಸ್ಸು. ಆರ್ನೋ ನದಿಯ ತೀರದಲ್ಲಿ ಅವನ ಸ್ಮಾರಕವಿದೆ. ಮರುವರ್ಷ, ಎಂದರೆ 1871ರಲ್ಲಿ, ಕೊಲ್ಹಾಪುರದ ರಾಜರ ಹೆಸರಿನ ಬಹುಮಾನಪಾತ್ರೆಗಾಗಿ ಇಂಗ್ಲೆಂಡಿನ ತಂಡಕ್ಕೂ ವಸಾಹತುಗಳ ತಂಡಗಳಿಗೂ ಪಂದ್ಯವು ಪ್ರಾರಂಭವಾಯಿತು. ಏಳು ವರ್ಷಗಳು ಕಳೆಯುವಷ್ಟರಲ್ಲಿ, 1878ರಲ್ಲಿ, ಲಿಟ್ಟನ್ ಪ್ರಭುವಿನ ಆಡಳಿತದಲ್ಲಿ ಶಸ್ತ್ರಾಸ್ತ್ರಗಳ ಕಾನೂನು ಹೊರಟಿತು. ಪಾತ್ರೆಯನ್ನು ಕೊಟ್ಟ ದೇಶದ ಪ್ರಜೆಯು ಪರವಾನಿಗಿಯಿಲ್ಲದೆ ಕೋವಿಯನ್ನು ಮುಟ್ಟಬಾರದಾಯಿತು. ಸ್ವಯಂಸೇವಕ ಪಡೆಗಳಿಗೆ ಇಂಡಿಯದವರನ್ನೂ ಸೇರಿಸಿಕೊಳ್ಳಬೇಕು, ಈ ಕಾನೂನನ್ನು ಸಡಿಲಿಸಬೇಕು ಎಂದು ಕಾಂಗ್ರೆಸ್ಸು ತನ್ನ ಆರಂಭದ ಅಧಿವೇಶನಗಳಲ್ಲಿಯೇ ಬೇಡಿಕೊಂಡಿದ್ದಿತು. ಕೇವಲ ಬೇಟೆಯ ವಿನೋದಕ್ಕಾಗಿ ಮಾಡಿದ ಬೇಡಿಕೆಯು ಅದಲ್ಲ.

ಇತ್ತ ಕೋವಿಯ ವಿದ್ಯೆಯು ವೇಗವಾಗಿ ಬದಲಾಗುತ್ತಿದ್ದಿತು. 1874ರಲ್ಲಿ ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡಿನವರು ಬಾಯಿಂದ ಮದ್ದು ತುಂಬುವ ಕೋವಿಗಳನ್ನೂ, ಅಮೆರಿಕದವರು ಹಿಂಬದಿಯಿಂದ ತೋಟಾ ಇಡುವ ಕೋವಿಗಳನ್ನೂ ಹಿಡಿದು ಸಾವಿರ ಗಜದವರೆಗೆ ಸೆಣಸಿದರು. ಅಮೆರಿಕಕ್ಕೆ 934, ಐರ್ಲೆಂಡಿಗೆ 931 ಅಂಕಗಳು ಬಂದುವು. ಐರಿಷ್ ತಂಡದ ಒಬ್ಬನು ಮೈಮರೆತು ಪಕ್ಕದ ಗುರಿಯನ್ನು ಹೊಡೆದಿದ್ದನು. ಹಳೆಯ ಕೋವಿಯು ಸೋತಿತೋ, ಅವನ ಕಣ್ಣು ಸೋತಿತೋ ಎಂಬ ವಾದವು ಅಂದೇ ಹುಟ್ಟಿತು. ಇಂಗ್ಲೆಂಡಿನ ಸ್ಪರ್ಧೆಯು 1890ರಲ್ಲಿ ವಿಂಬಲ್ಡನ್ನಿನಿಂದ ಬಿಸ್ಲಿಗೆ ಸ್ಥಳಾಂತರಗೊಂಡಿತು. ಅಲ್ಲಿ 1930ರಲ್ಲಿ ರಾಜರ ಬಹುಮಾನವನ್ನು ಮಾರ್ಜರಿ ಫಾಸ್ಟರ್ ಎಂಬ ಮಹಿಳೆಯು ಒಂದೇ ಒಂದು ಅಂಕದ ಅಂತರದಿಂದ ಗೆದ್ದು ಪುರುಷರನ್ನು ಬೆರಗುಗೊಳಿಸಿದಳು. ಆಕೆಗಿಂತ ಮೊದಲು ಯಾವ ಸ್ತ್ರೀಯೂ ಅದನ್ನು ಪಡೆದಿರಲಿಲ್ಲ.

ಸೇನೆಯು ಬಿಸುಟ ಕೋವಿಗಳು ಉಗ್ರಾಣಗಳಲ್ಲಿ ತುಕ್ಕು ಹಿಡಿದು ಹೋಗಬೇಕಾಗಿದ್ದುವು. ಅವುಗಳಿಗೆ ಪುನರ್ಜನ್ಮವನ್ನು ಕೊಟ್ಟುದು ಸ್ಪರ್ಧೆಯೇ. ಬಾಯಿಂದ ಮದ್ದು ತುಂಬುವ ಆಯುಧಗಳಿಗಾಗಿಯೇ 1971ರಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು ಏರ್ಪಟ್ಟಿತು. ಅದರ ನಿಯಮದಂತೆ ಕರಿಮದ್ದಲ್ಲದೆ ಬೇರೆ ಮದ್ದು ಕೂಡದು. ಅರ್ಧ ಗಂಟೆಯಲ್ಲಿ 13 ಗುಂಡುಗಳು, ಅವುಗಳಲ್ಲಿ ಉತ್ತಮವಾದ 10 ಮಾತ್ರ ಎಣಿಕೆಗೆ. ಹಳೆಯ ಕೋವಿಗಳಿಗೆ ಒಂದು ವರ್ಗ, ಅವುಗಳ ಪಡಿಯಚ್ಚುಗಳಿಗೆ ಇನ್ನೊಂದು. ಎನ್‌ಫೀಲ್ಡಿನಂತಹ ಸೇನಾ ರೈಫಲುಗಳು 100 ಮೀಟರಿನ ಗುರಿಯನ್ನು ಹೊಡೆಯುತ್ತವೆ. ಸ್ಪರ್ಧಿಗಳು ಜೇನುಮೇಣವನ್ನೂ ಕೊಬ್ಬನ್ನೂ ಕಾಯಿಸಿ ಬೆರೆಸಿ ಗುಂಡಿಗೆ ಹಚ್ಚುತ್ತಾರೆ. ಡಂಡಮ್ಮಿನಲ್ಲಿ ಕಿಡಿಯಾದ ಪದಾರ್ಥವು ಅಲ್ಲಿ ಪಾಕಶಾಸ್ತ್ರದಂತೆ ಚರ್ಚಿತವಾಗುವುದು.

ಅಮೆರಿಕದ ಓಹಾಯೋ ಪ್ರಾಂತದ ಕ್ಯಾಂಪ್ ಪೆರಿಯಲ್ಲಿ ನಡೆಯುವ ಪಂದ್ಯಗಳಲ್ಲಿ ಎರಡು ಮಹಾಯುದ್ಧಗಳ ಕಾಲದ ರೈಫಲುಗಳು ಬರುತ್ತವೆ. ಅಲ್ಲಿನ ಮುಖ್ಯ ನಿಯಮವೆಂದರೆ, ಕೋವಿಯು ಸೈನಿಕನಿಗೆ ದೊರೆತಂತೆಯೇ ಇರಬೇಕು, ಅದನ್ನು ತಿದ್ದಿ ಸುಧಾರಿಸಕೂಡದು. ದ್ರುಪದನ ಸಭೆಯಲ್ಲಿ ಬಂದವರೆಲ್ಲರೂ ಒಂದೇ ಬಿಲ್ಲನ್ನು ಹೆದೆಯೇರಿಸಬೇಕಾಗಿದ್ದಿತಷ್ಟೆ? ಹಣವಂತನ ಉಪಕರಣವು ಗೆಲ್ಲದೆ ಮನುಷ್ಯನ ಉಸಿರೂ ದೃಷ್ಟಿಯೂ ಗೆಲ್ಲಲೆಂಬುದೇ ಆ ಕಟ್ಟಳೆಯ ಆಶಯವಾಗಿದ್ದರೆ, ಈ ನಿಯಮದ ಆಶಯವೂ ಅದೇ. ವಿಟ್‌ವರ್ತನ ಆಧಾರಯಂತ್ರಕ್ಕೆ ಇಲ್ಲಿ ಪ್ರವೇಶವಿಲ್ಲ.

ಈ ಬಯಲುಗಳಿಗೆ ನಮ್ಮ ದೇಶದ ಕೋವಿಯೂ ಹೋಗಿದೆ. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ 20ನೆಯ ಶತಮಾನದ ಮೊದಲ ದಶಕದಿಂದ ಲೀ-ಎನ್‌ಫೀಲ್ಡ್ ರೈಫಲುಗಳು ಲಕ್ಷಗಟ್ಟಲೆಯಾಗಿ ತಯಾರಾದುವು. ಸ್ವಾತಂತ್ರ್ಯಾನಂತರವೂ ಅವು ನಮ್ಮ ಸೇನೆಗೂ ಪೊಲೀಸರಿಗೂ ದುಡಿದುವು. ಉತ್ತರ ಪ್ರದೇಶದ ಪೊಲೀಸರು 2020ರಲ್ಲಿ ಅವನ್ನು ಬೀಳ್ಕೊಟ್ಟರು. ಕೊಡಗಿನ ಕೊಡವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿಯುಂಟು. ಕೈಲ್‌ಪೊಳ್ದಿನಲ್ಲಿ ಆಯುಧಗಳನ್ನು ಪೂಜಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವು ಅಲ್ಲಿ ಇಂದಿಗೂ ನಡೆಯುವುದು. ಆದರೆ ಅಲ್ಲಿ ಸದ್ದು ಮಾಡುವುದು ಮನೆತನದ ಕೋವಿಗಳೇ ಹೊರತು ಸೇನೆಯ ರೈಫಲುಗಳಲ್ಲ. .303 ಅಳತೆಯ ರೈಫಲು ಸಾಮಾನ್ಯ ಪ್ರಜೆಗೆ ನಿಷಿದ್ಧವಾದ ವರ್ಗಕ್ಕೆ ಸೇರಿದೆ. ಆದುದರಿಂದ ಇಷಾಪುರದ ಮುದ್ರೆಯನ್ನು ಹೊತ್ತ ಹಳೆಯ ಕೋವಿಯನ್ನು ಭುಜಕ್ಕಾನಿಸಿ ಪಂದ್ಯವಾಡುವವರು ಹೆಚ್ಚಾಗಿ ಅಮೆರಿಕದವರು, ಇಂಗ್ಲೆಂಡಿನವರು. ಕೊಲ್ಹಾಪುರದ ಪಾತ್ರೆಗಾಗಿ ಬಿಸ್ಲಿಯಲ್ಲಿ ಈಗಲೂ ತಂಡಗಳು ಸೇರುತ್ತವೆ. ಅವರ ಕೈಯಲ್ಲಿರುವುವು ಮಾತ್ರ ಹೊಸ ರೈಫಲುಗಳು.