ಸಮಪಾಲಿನ ನಾಲ್ವರು

1980ರ ಏಪ್ರಿಲ್ 5ರ ರಾತ್ರಿ. ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ರಾಜ್ಯದಲ್ಲಿರುವ ಅಥೆನ್ಸ್ ಎಂಬ ಊರು. ಅಲ್ಲಿನ ಓಕೋನಿ ಬೀದಿಯಲ್ಲೊಂದು ಹಳೆಯ ಚರ್ಚು. ಪ್ರಾರ್ಥನೆ ನಿಂತು ಬಹಳ ಕಾಲವಾಗಿದ್ದ ಆ ಕಟ್ಟಡದೊಳಗೆ ಕೋಣೆಗಳನ್ನು ಮಾಡಿ ಹುಡುಗರಿಗೆ ಬಾಡಿಗೆಗೆ ಕೊಡಲಾಗಿತ್ತು. ಅಂದು ಗೆಳತಿಯೊಬ್ಬಳ ಹುಟ್ಟುಹಬ್ಬ. ನೂರಾರು ಮಂದಿ ಸೇರಿದ್ದರು. ಅವರೆದುರು ನಾಲ್ವರು ಯುವಕರು ಗಿಟಾರು, ಡ್ರಮ್ಮುಗಳೊಂದಿಗೆ ಮೊದಲ ಬಾರಿಗೆ ನಿಂತರು. ಹಾಡಿದ್ದರಲ್ಲಿ ಎಷ್ಟೋ ಹಾಡುಗಳು ಬೇರೆ ತಂಡಗಳವು. ತಮ್ಮ ತಂಡಕ್ಕೆ ಏನು ಹೆಸರಿಡಬೇಕೆಂಬುದೂ ಆಗ ತೀರ್ಮಾನವಾಗಿರಲಿಲ್ಲ.

ಆ ನಾಲ್ವರ ತಂಡವೇ ಮುಂದೆ ‘ಆರ್.ಇ.ಎಂ.’ ಎಂದು ಜಗತ್ಪ್ರಸಿದ್ಧವಾಯಿತು. 31 ವರ್ಷಗಳಲ್ಲಿ 15 ಆಲ್ಬಂಗಳನ್ನು ಹೊರತಂದಿತು. ಅವುಗಳ ಪ್ರತಿಗಳು ಕೋಟಿಗಟ್ಟಲೆ ಮಾರಾಟವಾದವು. ಕೊನೆಗೆ 2011ರಲ್ಲಿ ತಂಡ ತಾನಾಗಿಯೇ ಹಾಡು ನಿಲ್ಲಿಸಿತು. ಇದಕ್ಕಿಂತ ಹೆಚ್ಚು ಹಣ, ಹೆಸರು ಗಳಿಸಿದ ರಾಕ್ ತಂಡಗಳು ಅಮೆರಿಕದಲ್ಲಿವೆ. ಆದರೆ ಜಗಳವಿಲ್ಲದೆ, ಕೋರ್ಟು ಕಚೇರಿಯ ಮೆಟ್ಟಿಲು ಹತ್ತದೆ ಮುಗಿದ ತಂಡಗಳು ತೀರಾ ವಿರಳ. ಇದು ಹೇಗೆ ಸಾಧ್ಯವಾಯಿತು ಎಂದು ಹುಡುಕುತ್ತಾ ಹೋದರೆ, ಕಾಸಿಲ್ಲದ ದಿನಗಳಲ್ಲಿ ಅವರು ತಮ್ಮೊಳಗೇ ಮಾಡಿಕೊಂಡ ಒಂದು ಸರಳ ಒಪ್ಪಂದ ಕಣ್ಣಿಗೆ ಬೀಳುತ್ತದೆ.

ಅಂಗಡಿಯಲ್ಲಿ ಕೂಡಿದ ಗೆಳೆತನ

ಗ್ರೀಸ್ ದೇಶದ ರಾಜಧಾನಿಯ ಹೆಸರನ್ನೇ ಇಟ್ಟುಕೊಂಡಿರುವ ಜಾರ್ಜಿಯಾದ ಅಥೆನ್ಸ್ ಹುಟ್ಟಿದ್ದೇ ವಿದ್ಯೆಗಾಗಿ. 1785ರಲ್ಲಿ ಸ್ಥಾಪನೆಯಾದ ಜಾರ್ಜಿಯಾ ವಿಶ್ವವಿದ್ಯಾಲಯದ ಸುತ್ತ ಬೆಳೆದ ಊರು ಅದು. ವಿದ್ಯಾರ್ಥಿಗಳು ಹೆಚ್ಚು, ಬಾಡಿಗೆ ಕಡಿಮೆ, ಸಂಜೆಗಳು ಉದ್ದ. ಹಾಡಿನ ತಂಡಗಳು ಹುಟ್ಟಲು ಇನ್ನೇನು ಬೇಕು? ಆರ್.ಇ.ಎಂ. ಬರುವ ಮೊದಲೇ ಅಲ್ಲಿನ ‘ಬಿ-52ಸ್’ ಎಂಬ ತಂಡ ನ್ಯೂಯಾರ್ಕಿನಲ್ಲಿ ಹೆಸರು ಮಾಡಿ, ಸಣ್ಣ ಊರಿನವರೂ ಗೆಲ್ಲಬಹುದೆಂದು ತೋರಿಸಿತ್ತು.

ಪೀಟರ್ ಬಕ್ ಊರಿನ ‘ವಕ್ಸ್‌ಟ್ರಿ’ ಎಂಬ ಗ್ರಾಮಫೋನ್ ರೆಕಾರ್ಡುಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸೈನಿಕನ ಮಗನಾಗಿ ಊರೂರು ಸುತ್ತಿ ಬೆಳೆದಿದ್ದ ಮೈಕೆಲ್ ಸ್ಟೈಪ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದುತ್ತಿದ್ದ. ಬಕ್ ತನಗೆಂದು ತೆಗೆದಿಟ್ಟುಕೊಂಡ ರೆಕಾರ್ಡುಗಳನ್ನೇ ಕೊಳ್ಳಲು ಬರುತ್ತಿದ್ದ ಗಿರಾಕಿ ಈ ಸ್ಟೈಪ್. ಇಬ್ಬರ ಅಭಿರುಚಿ ಒಂದೇ ಎಂದು ಗೊತ್ತಾದ ಮೇಲೆ ಸ್ನೇಹ ಕುದುರಲು ತಡವಾಗಲಿಲ್ಲ. ಮೈಕ್ ಮಿಲ್ಸ್ ಮತ್ತು ಬಿಲ್ ಬೆರಿ ಅದೇ ರಾಜ್ಯದ ಮೇಕನ್ ಪಟ್ಟಣದವರು. ಹೈಸ್ಕೂಲಿನಲ್ಲಿ ಮೊದಮೊದಲು ಒಬ್ಬರನ್ನೊಬ್ಬರು ಕಂಡರಾಗದ ಇವರನ್ನು ಒಂದುಗೂಡಿಸಿದ್ದು ಸಂಗೀತವೇ. ಒಬ್ಬ ಬೇಸ್ ಗಿಟಾರು, ಇನ್ನೊಬ್ಬ ಡ್ರಮ್ಮು ನುಡಿಸುತ್ತಿದ್ದರು. ಓದಲೆಂದು ಜೊತೆಯಾಗಿಯೇ ಅಥೆನ್ಸಿಗೆ ಬಂದರು.

ಹೆಸರಿಗಾಗಿ ನಿಘಂಟು ತಿರುವಿ ಹಾಕಿದಾಗ ಸಿಕ್ಕಿದ್ದು ‘ಆರ್.ಇ.ಎಂ.’ ಎಂಬ ಮೂರಕ್ಷರ. ನಿದ್ರೆಯಲ್ಲಿ ಕನಸು ಬೀಳುವಾಗ ಮುಚ್ಚಿದ ರೆಪ್ಪೆಗಳಡಿ ಕಣ್ಣುಗುಡ್ಡೆಗಳು ಸರಸರನೆ ಚಲಿಸುವ ಹಂತಕ್ಕೆ ವೈದ್ಯರು ಕೊಟ್ಟ ಹೆಸರದು. ತಂಡ ಬೆಳೆದಂತೆ ಓದು ಹಿಂದೆ ಬಿತ್ತು. ಅಮೆರಿಕದ ಅತಿ ಪ್ರಸಿದ್ಧ ‘ಕಾಲೇಜು ತಂಡ’ದ ಸದಸ್ಯರು ಕಾಲೇಜು ಮುಗಿಸದೆಯೇ ಹೊರಬಂದದ್ದು ಒಂದು ವಿನೋದ.

ವಿದ್ಯಾರ್ಥಿಗಳ ರೇಡಿಯೊ

ಇವರನ್ನು ‘ಕಾಲೇಜು ತಂಡ’ ಎಂದು ಕರೆಯಲು ಬೇರೊಂದು ಕಾರಣವೂ ಉಂಟು. ಅಮೆರಿಕದಲ್ಲಿ ಎಫ್.ಎಂ. ರೇಡಿಯೊ ಪಟ್ಟಿಯ ಕೆಳಭಾಗವನ್ನು, ಅಂದರೆ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು, ಲಾಭದ ಉದ್ದೇಶವಿಲ್ಲದ ಕೇಂದ್ರಗಳಿಗೆ ಮೀಸಲಿಡಲಾಗಿದೆ. ನೂರಾರು ಕಾಲೇಜುಗಳು ಇಲ್ಲಿ ತಮ್ಮದೇ ಬಾನುಲಿ ನಡೆಸುತ್ತಾ ಬಂದಿವೆ. ಅಥೆನ್ಸಿನಲ್ಲೂ 1972ರಲ್ಲಿ ಅಂಥದೊಂದು ಕೇಂದ್ರ ಆರಂಭವಾಗಿತ್ತು. ಜಾಹೀರಾತಿನ ಹಂಗಿಲ್ಲದ ಕಾರಣ ಯಾವ ಹಾಡು ಹಾಕಬೇಕೆಂಬುದು ಮೈಕಿನ ಮುಂದೆ ಕುಳಿತ ವಿದ್ಯಾರ್ಥಿಯ ಇಷ್ಟ. ವಾಣಿಜ್ಯ ಕೇಂದ್ರಗಳು ಮುಟ್ಟದ ಹಾಡುಗಳು ಇಲ್ಲಿ ಹಗಲಿರುಳು ಮೊಳಗುತ್ತಿದ್ದವು. ಈ ಕೇಂದ್ರಗಳಲ್ಲಿ ಯಾವ ಹಾಡು ಹೆಚ್ಚು ಪ್ರಸಾರವಾಯಿತೆಂಬ ಪಟ್ಟಿ ಪ್ರಕಟಿಸಲೆಂದೇ 1978ರಲ್ಲಿ ‘ಸಿ.ಎಂ.ಜೆ.’ ಎಂಬ ಪತ್ರಿಕೆ ಹುಟ್ಟಿಕೊಂಡಿತ್ತು.

1981ರಲ್ಲಿ ಆರ್.ಇ.ಎಂ. ತನ್ನ ಮೊದಲ ಹಾಡು ‘ರೇಡಿಯೊ ಫ್ರೀ ಯುರೋಪ್’ ಅನ್ನು ಒಂದು ಪುಟ್ಟ ಕಂಪನಿಯ ಮೂಲಕ ಹೊರತಂದಿತು. ಮೊದಲು ಅಚ್ಚಾದದ್ದು ಬರೀ ಒಂದು ಸಾವಿರ ಪ್ರತಿ. ಧ್ವನಿಮುದ್ರಣ ನಡೆದದ್ದು ಒಂದು ಮನೆಯ ಗ್ಯಾರೇಜಿನಲ್ಲಿ. ಕಾಲೇಜು ಬಾನುಲಿಗಳು ಅದನ್ನು ಎತ್ತಿಕೊಂಡವು. ಹಳೆಯ ವ್ಯಾನೊಂದರಲ್ಲಿ ನಾಲ್ವರೂ ಊರಿಂದೂರಿಗೆ ಹೋಗಿ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಹಾಡಿದರು.

1983ರಲ್ಲಿ ಅವರ ಮೊದಲ ಪೂರ್ಣ ಆಲ್ಬಂ ‘ಮರ್ಮರ್’ ಬಂತು. ಸ್ಟೈಪ್ ಹಾಡಿದ ಮಾತುಗಳು ಇಂಗ್ಲಿಷ್ ಬಲ್ಲವರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಗೊಣಗಾಟವೆಂಬ ಅರ್ಥದ ಹೆಸರೇ ಅದಕ್ಕೆ ಒಪ್ಪುತ್ತಿತ್ತು. ಆದರೂ ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಲೋಕವನ್ನೇ ಆಳುತ್ತಿದ್ದ ಆ ವರ್ಷದಲ್ಲಿ, ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ವರ್ಷದ ಶ್ರೇಷ್ಠ ಆಲ್ಬಂ ಎಂದು ಆರಿಸಿದ್ದು ‘ಮರ್ಮರ್’ ಅನ್ನು.

ಹಣದ ಲೆಕ್ಕ

ಇಲ್ಲಿ ಆ ಒಪ್ಪಂದದ ಮಾತಿಗೆ ಬರಬೇಕು. ರಾಕ್ ತಂಡವೊಂದಕ್ಕೆ ಆದಾಯ ಹಲವು ದಾರಿಗಳಿಂದ ಬರುತ್ತದೆ. ಕಛೇರಿಯ ಟಿಕೆಟ್ಟು, ರೆಕಾರ್ಡಿನ ಮಾರಾಟ ಒಂದು ಬಗೆ. ಹಾಡು ಬರೆದವನಿಗೆ ಸಲ್ಲುವ ಗೌರವಧನ ಇನ್ನೊಂದು. ಹಾಡು ಬಾನುಲಿಯಲ್ಲಿ ಬಂದಾಗಲೆಲ್ಲ, ಇನ್ನೊಬ್ಬರು ಅದನ್ನು ಹಾಡಿದಾಗಲೆಲ್ಲ ಈ ಹಣ ಬರುತ್ತಲೇ ಇರುತ್ತದೆ. ಸಾಮಾನ್ಯವಾಗಿ ತಂಡದಲ್ಲಿ ಒಬ್ಬಿಬ್ಬರ ಹೆಸರಷ್ಟೇ ಹಾಡಿನ ಕೆಳಗೆ ಇರುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರು ಬಂಗಲೆಯಲ್ಲಿ, ಡ್ರಮ್ಮು ಬಡಿದವನು ಬಾಡಿಗೆ ಮನೆಯಲ್ಲಿ! ಮತ್ಸರ ಹುಟ್ಟುವುದು ಇಲ್ಲಿಯೇ.

ಆರ್.ಇ.ಎಂ.ನವರು ಈ ಗೊಡವೆಯೇ ಬೇಡವೆಂದು ಆರಂಭದಲ್ಲೇ ನಿರ್ಧರಿಸಿದರು. ಯಾರೇ ರಾಗ ಹಾಕಲಿ, ಯಾರೇ ಮಾತು ಬರೆಯಲಿ, ಪ್ರತಿ ಹಾಡಿನ ಕೆಳಗೂ ನಾಲ್ವರ ಹೆಸರು. ಅದೂ ಅಕ್ಷರಾನುಕ್ರಮದಲ್ಲಿ: ಬೆರಿ, ಬಕ್, ಮಿಲ್ಸ್, ಸ್ಟೈಪ್. ಹಣವೂ ನಾಲ್ಕು ಸಮಪಾಲು. ಇದರ ಜೊತೆಗೆ ಇನ್ನೊಂದು ನಿಯಮ: ಮುಖ್ಯ ವಿಷಯದಲ್ಲಿ ಒಬ್ಬ ಬೇಡವೆಂದರೂ ಆ ಕೆಲಸ ಆಗಕೂಡದು.

ಇದರ ಫಲ ಸಂಗೀತದಲ್ಲೂ ಕಂಡಿತು. 1992ರ ‘ಆಟೊಮ್ಯಾಟಿಕ್ ಫಾರ್ ದಿ ಪೀಪಲ್’ ಆಲ್ಬಂನ ‘ಎವರಿಬಡಿ ಹರ್ಟ್ಸ್’ ಎಂಬ ಪ್ರಸಿದ್ಧ ಹಾಡು ಬಹುಮಟ್ಟಿಗೆ ಡ್ರಮ್ಮು ಬಾರಿಸುವ ಬೆರಿಯ ರಚನೆ. ಸೋತು ಕುಳಿತವರಿಗೆ ಧೈರ್ಯ ಹೇಳುವ ಈ ಹಾಡಿನಲ್ಲಿ ತಾಳ ಹಿಡಿದದ್ದು ಬೆರಿಯ ಕೈಯಲ್ಲ, ಒಂದು ಅಗ್ಗದ ಯಂತ್ರ. ತನ್ನ ವಾದ್ಯಕ್ಕೆ ಜಾಗವಿಲ್ಲದ ಹಾಡನ್ನು ಡ್ರಮ್ಮಿನವನೇ ಕಟ್ಟಿದ. ಪಾಲಿನ ಚಿಂತೆಯಿಲ್ಲದವರಿಗೆ ಮಾತ್ರ ಇದು ಸುಲಭ. ಅಂದ ಹಾಗೆ, ಆ ಆಲ್ಬಂನ ಹೆಸರು ಅಥೆನ್ಸಿನ ಒಂದು ಹೋಟೆಲಿನ ಬೋರ್ಡಿನ ಮೇಲಿದ್ದ ಘೋಷವಾಕ್ಯ. ಎಷ್ಟು ಬೆಳೆದರೂ ತಂಡ ಊರನ್ನು ಮರೆಯಲಿಲ್ಲ.

ಜಾಲಂಧರದ ಕಣ್ಣು

1987ರ ‘ಡಾಕ್ಯುಮೆಂಟ್’ ಆಲ್ಬಂ ಅಮೆರಿಕದಲ್ಲಿ ಹತ್ತು ಲಕ್ಷದ ಗಡಿ ದಾಟಿತು. ಮರುವರ್ಷ ಆರ್.ಇ.ಎಂ. ದೊಡ್ಡ ಕಂಪನಿಯಾದ ವಾರ್ನರ್ ಬ್ರದರ್ಸ್ ಸೇರಿತು. ಆದರೆ ತಂಡ ಮನೆಮಾತಾದದ್ದು 1991ರಲ್ಲಿ. ಬಕ್ ಹೊಸದಾಗಿ ಮ್ಯಾಂಡೊಲಿನ್ ಕೊಂಡು, ಟಿ.ವಿ. ನೋಡುತ್ತಾ ಅಭ್ಯಾಸ ಮಾಡುತ್ತಿದ್ದಾಗ ಕೈಗೆ ಸಿಕ್ಕ ಒಂದು ತುಣುಕೇ ‘ಲೂಸಿಂಗ್ ಮೈ ರಿಲಿಜನ್’ ಹಾಡಾಯಿತು. ಶೀರ್ಷಿಕೆ ನೋಡಿ ಇದು ಧರ್ಮ ಬಿಟ್ಟವನ ಹಾಡೆಂದು ಭಾವಿಸಿದವರುಂಟು. ಅದು ಅಮೆರಿಕದ ದಕ್ಷಿಣದವರ ಆಡುಮಾತು. ತಾಳ್ಮೆ ತಪ್ಪಿತು, ಸಹನೆಯ ಕಟ್ಟೆ ಒಡೆಯಿತು ಎಂಬರ್ಥ. ಹೇಳಿಕೊಳ್ಳಲಾಗದ ಪ್ರೀತಿಯಲ್ಲಿ ಒದ್ದಾಡುವವನ ಹಾಡು ಅದು.

ಈ ಹಾಡಿಗೊಂದು ಭಾರತದ ನಂಟೂ ಇದೆ. ಅದರ ವಿಡಿಯೊ ನಿರ್ದೇಶಿಸಿದವನು ಪಂಜಾಬಿನ ಜಾಲಂಧರದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಕಲೆ ಕಲಿತ ತರ್ಸೆಮ್ ಸಿಂಗ್. ಇಟಲಿಯ ವರ್ಣಚಿತ್ರಕಾರ ಕಾರವಾಜ್ಯೊನ ನೆರಳು ಬೆಳಕಿನ ಜೊತೆಗೆ ಭಾರತೀಯ ಸಿನಿಮಾದ ಭಾವಾತಿರೇಕವನ್ನೂ ಆತ ಅದರಲ್ಲಿ ಬೆರೆಸಿದ. 1991ರ ಎಂ.ಟಿ.ವಿ. ಪ್ರಶಸ್ತಿಗಳಲ್ಲಿ ಅದೇ ವರ್ಷದ ಶ್ರೇಷ್ಠ ವಿಡಿಯೊ ಎನಿಸಿತು. ಆ ವರ್ಷದ ಕೊನೆಯ ಭಾಗದಲ್ಲೇ ಎಂ.ಟಿ.ವಿ. ಸ್ಟಾರ್ ವಾಹಿನಿಗಳ ಜೊತೆ ಭಾರತದ ಕೇಬಲ್ ಮನೆಗಳಿಗೂ ಬಂದಿತು. ‘ಔಟ್ ಆಫ್ ಟೈಮ್’ ಎಂಬ ಆ ಆಲ್ಬಂ ಜಗತ್ತಿನಾದ್ಯಂತ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. 1992ರಲ್ಲಿ ಮೂರು ಗ್ರ್ಯಾಮಿಗಳೂ ಬಂದವು.

ವೇದಿಕೆಯಲ್ಲಿ ಕುಸಿದ ಬೆರಿ

1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗ ಬೆರಿಗೆ ಸಹಿಸಲಾಗದ ತಲೆನೋವು ಬಂತು. ಮಿದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಅಲ್ಲಿಯೇ ಶಸ್ತ್ರಚಿಕಿತ್ಸೆಯಾಗಿ ಆತ ಬದುಕುಳಿದ. ಮೇ ತಿಂಗಳಲ್ಲಿ ತಂಡ ಮತ್ತೆ ಪ್ರವಾಸ ಹೊರಟಿತು. ಮರುವರ್ಷ ವಾರ್ನರ್ ಕಂಪನಿಯೊಂದಿಗೆ ಐದು ಆಲ್ಬಂಗಳ ಹೊಸ ಕರಾರು ಆಯಿತು. ಅದರ ಮೊತ್ತ 8 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು.

ಅಷ್ಟು ದೊಡ್ಡ ಮೊತ್ತ ಕಣ್ಣೆದುರಿದ್ದಾಗಲೇ, 1997ರ ಅಕ್ಟೋಬರಿನಲ್ಲಿ ಬೆರಿ ತಂಡ ಬಿಟ್ಟ. ಪ್ರವಾಸ, ಪ್ರಚಾರಗಳ ಉತ್ಸಾಹ ಅವನಲ್ಲಿ ಬತ್ತಿತ್ತು. ಆದರೆ ಹೊರಡುವ ಮೊದಲು ಒಂದು ಷರತ್ತು ಹಾಕಿದ. ತಾನು ಹೋದರೆ ತಂಡ ಮುರಿಯುವುದಾದರೆ ತಾನು ಹೋಗುವುದಿಲ್ಲ; ಉಳಿದ ಮೂವರು ಮುಂದುವರಿಯಬೇಕು. ಮೂವರೂ ಒಪ್ಪಿದರು. ಬೆರಿ ಅಥೆನ್ಸಿನ ಸಮೀಪದ ತನ್ನ ಹೊಲಕ್ಕೆ ಹೋಗಿ ಬೇಸಾಯಗಾರನಾದ. ಆತನ ಜಾಗಕ್ಕೆ ಪಾಲುದಾರನಾಗಿ ಯಾರನ್ನೂ ತರಲಿಲ್ಲ. ಮೂರು ಕಾಲಿನ ನಾಯಿಯೂ ನಾಯಿಯೇ, ಓಡುವ ಬಗೆಯನ್ನು ಅದು ಬೇರೆಯಾಗಿ ಕಲಿಯಬೇಕಷ್ಟೇ ಎಂದು ಸ್ಟೈಪ್ ಹೇಳಿದ ಮಾತು ಪ್ರಸಿದ್ಧವಾಯಿತು.

ಆ ಓಟ ಸುಲಭವಾಗಲಿಲ್ಲ. ಅಮೆರಿಕದಲ್ಲಿ ಮಾರಾಟ ಇಳಿಯಿತು. 2004ರ ‘ಅರೌಂಡ್ ದಿ ಸನ್’ ಆಲ್ಬಂ ಬಗ್ಗೆ ಬಕ್‌ಗೇ ಸಮಾಧಾನವಿರಲಿಲ್ಲ. ನಾಲ್ವರ ಸಮತೋಲನಕ್ಕೆ ಬೆರಿ ಎಷ್ಟು ಮುಖ್ಯನಾಗಿದ್ದನೆಂಬುದು ಅವನಿಲ್ಲದಾಗಲೇ ಕೇಳುಗರಿಗೆ ಅರಿವಾದದ್ದು. 2008ರ ‘ಆಕ್ಸಿಲರೇಟ್’ನಲ್ಲಿ ತಂಡ ಚೇತರಿಸಿಕೊಂಡಿತು. 2011ರ ಮಾರ್ಚಿನಲ್ಲಿ ಕರಾರಿನ ಕೊನೆಯ ಆಲ್ಬಂ ಬಂತು. ಅದೇ ವರ್ಷ ಸೆಪ್ಟೆಂಬರ್ 21ರಂದು ತಂಡ ಮುಗಿಯಿತೆಂದು ಮೂವರೂ ಸ್ನೇಹದಿಂದಲೇ ಪ್ರಕಟಿಸಿದರು. ವಿದಾಯದ ಪ್ರವಾಸ ಇಟ್ಟುಕೊಂಡಿದ್ದರೆ ಹಣದ ಹೊಳೆಯೇ ಹರಿಯುತ್ತಿತ್ತು. ಅದನ್ನೂ ಅವರು ಬಯಸಲಿಲ್ಲ.

ಅವರು ಮೊದಲು ಹಾಡಿದ ಚರ್ಚನ್ನು 1990ರಲ್ಲೇ ಕೆಡವಲಾಯಿತು. ಗೋಪುರವೊಂದು ಮಾತ್ರ ಉಳಿದು, ಅಭಿಮಾನಿಗಳಿಗೆ ಯಾತ್ರಾಸ್ಥಳದಂತಾಗಿದೆ.

2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಗೀತರಚನಕಾರರ ಗೌರವ ಪೀಠಕ್ಕೆ ಆರ್.ಇ.ಎಂ. ಸೇರ್ಪಡೆಯಾಯಿತು. ಆ ಸಮಾರಂಭದಲ್ಲಿ ಬಹಳ ವರ್ಷಗಳ ನಂತರ ನಾಲ್ವರೂ ಒಟ್ಟಿಗೆ ನಿಂತು ‘ಲೂಸಿಂಗ್ ಮೈ ರಿಲಿಜನ್’ ಹಾಡಿದರು. ಹಾಡು ಬರೆದವರಿಗೆ ಮೀಸಲಾದ ಗೌರವವದು. ತಂಡ ಬಿಟ್ಟು 27 ವರ್ಷ ಸಮೀಪಿಸುತ್ತಿದ್ದ, ಹೊಲದಲ್ಲಿ ದುಡಿದ ಡ್ರಮ್ಮು ವಾದಕನಿಗೂ ಅಲ್ಲಿ ಉಳಿದ ಮೂವರಷ್ಟೇ ಹಕ್ಕಿನ ಜಾಗವಿತ್ತು. ವ್ಯಾನಿನಲ್ಲಿ ಊರೂರು ಅಲೆಯುತ್ತಿದ್ದ ಕಾಲದಲ್ಲಿ ಮಾಡಿಕೊಂಡ ಒಪ್ಪಂದ ಇನ್ನೂ ಜಾರಿಯಲ್ಲಿತ್ತು.