ತಲೆಗೆ ಬಿದ್ದ ಪೆಟ್ಟು

ಸಿದ್ದಾಪುರ, ಹೊಸಂಗಡಿಗಳನ್ನು ಹಾದು ಬಾಳೆಬರೆ ಘಾಟಿಯನ್ನೇರುವ ಸೀಮೆ ಅಡಿಕೆ, ತೆಂಗಿನ ತೋಟಗಳದು. ಮರವೇರುವವರ ಊರಿನಲ್ಲಿ ತಲೆಯ ಪೆಟ್ಟು ಹೊಸ ಸಂಗತಿಯಲ್ಲ. ಘಾಟಿಯಲ್ಲಿ ಮೋಟಾರುಗಳು ಹೆಚ್ಚಿದಂತೆ ಅದಕ್ಕೆ ಇನ್ನೊಂದು ಕಾರಣವೂ ಸೇರಿತು. ಬಿದ್ದವನನ್ನು ರಟ್ಟೆ ಹಿಡಿದು ಎತ್ತಿ ಕೂರಿಸುವುದು, ಬಾಯಿಗೆ ನೀರು ಹುಯ್ಯುವುದು, ಕಣ್ಣು ಬಿಟ್ಟೊಡನೆ ‘ಗಂಡಾಂತರ ಕಳೆಯಿತು’ ಎಂದು ಮನೆಗೆ ಕಳುಹಿಸುವುದು ನಮ್ಮ ಜನರ ಹಳೆಯ ರೂಢಿ. ಹುಟ್ಟಿದ್ದು ಕರುಣೆಯಿಂದಲೇ, ಆದರೆ ಪ್ರಾಣಕ್ಕೆ ಎರವಾಗಬಲ್ಲದು.

ತಲೆಯ ಗಾಯದ ವಿದ್ಯೆ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ 1600ರ ಸುಮಾರಿನ ಈಜಿಪ್ಟಿನ ವೈದ್ಯಗ್ರಂಥವೊಂದರ 48 ಪ್ರಕರಣಗಳಲ್ಲಿ 27 ತಲೆಯವು. ವೈದ್ಯ ಜೀವಕನು ರಾಜಗೃಹದ ಶ್ರೇಷ್ಠಿಯ ತಲೆಯನ್ನು ತೆರೆದು ಗುಣಪಡಿಸಿದ ಕಥೆ ಬೌದ್ಧರ ವಿನಯಪಿಟಕದಲ್ಲಿದೆ. ಆದರೆ ಇವೆಲ್ಲ ವೈದ್ಯನ ಕೈಯ ವಿದ್ಯೆಗಳು. ವೈದ್ಯ ಬರುವ ಮೊದಲು ನೆರೆಯವನು ಏನು ಮಾಡಬೇಕೆಂಬುದನ್ನು ಸಾಮಾನ್ಯರಿಗೆ ಕ್ರಮವಾಗಿ ಕಲಿಸಹೊರಟದ್ದು ಇಂಗ್ಲೆಂಡಿನಲ್ಲಿ 1877ರಲ್ಲಿ ಆರಂಭವಾದ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ. 1935ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಮಡಿದ ಟಿ. ಇ. ಲಾರೆನ್ಸನ ಹಾಸಿಗೆಯ ಬಳಿಯಿದ್ದ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್, ಮುಂದೆ ಹೆಲ್ಮೆಟ್ಟಿನ ಪ್ರಯೋಜನವನ್ನು ಲೆಕ್ಕವಿಟ್ಟು ತೋರಿಸಿದನು.

ನಮ್ಮಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು 1953ರಲ್ಲಿ ತೆರೆಯಿತು, 1958ರಲ್ಲಿ ಡಾ. ಆರ್. ಎಂ. ವರ್ಮ ಅವರು ಬೆಂಗಳೂರಿನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದರು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಅದೇ ವರ್ಷ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೋಗಿಯ ಎಚ್ಚರವನ್ನು ಅಂಕಗಳಲ್ಲಿ ಅಳೆಯುವ ಕ್ರಮವನ್ನು ಪ್ರಕಟಿಸಿದರು. ಕಣ್ಣು ತೆರೆಯುವನೇ, ಮಾತಾಡುವನೇ, ಕೈಕಾಲು ಆಡಿಸುವನೇ ಎಂಬ ಮೂರೇ ಪ್ರಶ್ನೆಗಳು ಅದರ ತಿರುಳು.

ಆ ಪ್ರಶ್ನೆಗಳ ಬೆಲೆ ಇಲ್ಲಿದೆ: ಪೆಟ್ಟು ಬಿದ್ದವನು ಎಚ್ಚೆತ್ತು ಚೆನ್ನಾಗಿಯೇ ಮಾತನಾಡಿ, ತಲೆಬುರುಡೆಯೊಳಗೆ ರಕ್ತ ತುಂಬಿದಂತೆ ಕೆಲವು ಗಂಟೆಗಳಲ್ಲಿ ಮತ್ತೆ ಮೂರ್ಛೆಗೊಳ್ಳಬಹುದು. ಆದುದರಿಂದ ಅವನ ತಲೆ, ಕುತ್ತಿಗೆಗಳನ್ನು ಅಲುಗಿಸಬಾರದು; ಬಾಯಿಗೆ ಏನನ್ನೂ ಕೊಡಬಾರದು; ವಾಂತಿಯಾದರೆ ತಲೆ, ಮೈಗಳನ್ನು ಒಟ್ಟಿಗೇ ಪಕ್ಕಕ್ಕೆ ಹೊರಳಿಸಬೇಕು. ಕಿವಿ, ಮೂಗಿನಿಂದ ನೀರು ಸುರಿದರೆ ಹತ್ತಿ ತುರುಕಬಾರದು. ಪದೇಪದೇ ವಾಂತಿ, ಏರುತ್ತಿರುವ ತಲೆನೋವು, ಮಂಪರು, ಸೆಳೆತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

2008ರಿಂದ ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅದು ಬರುವವರೆಗಿನ ಹೊತ್ತು ಮಾತ್ರ ಇಂದಿಗೂ ನೆರೆಯವನ ಕೈಯಲ್ಲೇ ಇದೆ.